ರೂಮಿಗಿಂತ ಲಾಬಿಯೇ ಜಾಸ್ತಿ: ನ್ಯೂಯಾರ್ಕಿನ ಪಬ್ಲಿಕ್ ಹೋಟೆಲ್

ಹೋಟೆಲ್ ಅಂದ್ರೆ ಇಡ್ಲಿ ಸಿಗೋ ಜಾಗ, ಮಲಗೋಕೆ ಲಾಡ್ಜ್ ಅಂತ ತಿಳಿದು ಬೆಳೆದವನು ನಾನು. ಕ್ರಿಸ್ಟಿ ಸ್ಟ್ರೀಟಿನ ಪಬ್ಲಿಕ್ ಹೋಟೆಲಿನಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಎಸ್ಕಲೇಟರ್. ಎರಡೂ ಕಡೆ ಕನ್ನಡಿಯ ಹಾಗೆ ಹೊಳೆಯುವ ಗೋಡೆ, ಕಿತ್ತಳೆ ಬೆಳಕು, ಹತ್ತುವವರೆಲ್ಲ ಫೋನ್ ಎತ್ತಿ ಹಿಡಿದಿರುತ್ತಾರೆ. ನಾನೂ ಒಂದು ಫೋಟೊ ತೆಗೆದೆ, ಸುಳ್ಳು ಯಾಕೆ ಹೇಳಲಿ.

ಇದನ್ನು ಕಟ್ಟಿಸಿದ ಇಯಾನ್ ಶ್ರೇಗರ್ ಮೂಲತಃ ನೈಟ್‌ಕ್ಲಬ್ಬಿನವರು. 1977ರಲ್ಲಿ ಗೆಳೆಯ ಸ್ಟೀವ್ ರುಬೆಲ್ ಜೊತೆ ಸ್ಟುಡಿಯೊ 54 ಅನ್ನೋ ನೈಟ್‌ಕ್ಲಬ್ ಶುರುಮಾಡಿ, ತೆರಿಗೆ ವಂಚಿಸಿ ಜೈಲಿಗೂ ಹೋಗಿ ಬಂದರು. ಆಮೇಲೆ 1984ರಲ್ಲಿ ಅದೇ ರುಬೆಲ್ ಜೊತೆ ಮಾರ್ಗನ್ಸ್ ಹೋಟೆಲ್ ತೆರೆದರು. ದೊಡ್ಡ ಹೋಟೆಲುಗಳು ಡಿಪಾರ್ಟ್‌ಮೆಂಟ್ ಸ್ಟೋರ್ ಇದ್ದ ಹಾಗೆ, ನಮ್ಮದು ಬೂಟಿಕ್ (ತನ್ನದೇ ಶೈಲಿಯ ಪುಟ್ಟ ಅಂಗಡಿ) ಅಂತ ರುಬೆಲ್ ಹೇಳಿದ್ದಕ್ಕೇ ಈ ‘ಬೂಟಿಕ್ ಹೋಟೆಲ್’ ಅನ್ನೋ ಹೆಸರು ಹುಟ್ಟಿತು ಅಂತಾರೆ. 2017ರ ಜನವರಿಯಲ್ಲಿ ಒಬಾಮ ಶ್ರೇಗರ್‌ಗೆ ಕ್ಷಮಾದಾನ ಕೊಟ್ಟರು, ಜೂನ್‌ನಲ್ಲಿ ಪಬ್ಲಿಕ್ ಬಾಗಿಲು ತೆರೆಯಿತು.

ಚೆಕ್ ಇನ್ ನಾವೇ ಟ್ಯಾಬ್ಲೆಟ್‌ನಲ್ಲಿ ಮಾಡಿಕೊಳ್ಳಬೇಕು. ನನಗೆ ಇದೇ ಇಷ್ಟ. ಹಿಂದಿನ ವರ್ಷ ಇದೇ ಊರಿನ ಬೇರೊಂದು ಹೋಟೆಲಿನಲ್ಲಿ ಕೌಂಟರ್ ಮುಂದೆ ಐವತ್ತು ನಿಮಿಷ ನಿಲ್ಲಿಸಿ, ಹೊರಡುವ ದಿನ ‘ಫೆಸಿಲಿಟಿ ಫೀ’ ಅಂತ ಸುಮ್ನೆ ಇನ್ನಷ್ಟು ಕಿತ್ತುಕೊಂಡಿದ್ದರು.

ರೂಮು ಚಿಕ್ಕದು. ಮಂಚ ಸೀದಾ ಕಿಟಕಿಗೆ ತಾಗಿಕೊಂಡಿದೆ. “ರೀ, ಸೂಟ್‌ಕೇಸ್ ಎಲ್ಲಿ ಬಿಚ್ಚೋದು?” ಅಂತ ನನ್ನಾಕೆ ಕೇಳಿದಳು. ಮಂಚದ ಮೇಲೇ ಬಿಚ್ಚಿದೆವು. ಇದು ತಪ್ಪಲ್ಲ, ಲೆಕ್ಕಾಚಾರ. 367 ರೂಮುಗಳನ್ನು ಪುಟ್ಟದಾಗಿ ಮಾಡಿ, ಲಾಬಿ ಮತ್ತು ತಾರಸಿಯ ಬಾರಿಗೆ ದುಡ್ಡು ಸುರಿದರೆ ಜನ ರೂಮಿನಲ್ಲಿ ಕೂರುವುದಿಲ್ಲ, ಕೆಳಗೆ ಬಂದು ಖರ್ಚು ಮಾಡುತ್ತಾರೆ. ನೈಟ್‌ಕ್ಲಬ್ ನಡೆಸಿದವರ ಬುದ್ಧಿ ಅಲ್ವಾ! ನಾವೂ ಹಾಗೇ ಮಾಡಿದೆವು, ರಾತ್ರಿ ಒಂದರವರೆಗೆ ಲಾಬಿಯ ಸೋಫಾದಲ್ಲೇ ಇದ್ದೆವು.

ಮೇಲಿನ ಮಹಡಿಗಳಲ್ಲಿ ಮಾರಾಟದ ಫ್ಲ್ಯಾಟುಗಳಿವೆ. ಇದಕ್ಕೂ ಮೊದಲು 40 ಬಾಂಡ್ ಅನ್ನೋ ಫ್ಲ್ಯಾಟುಗಳ ಕಟ್ಟಡವನ್ನೂ ಶ್ರೇಗರ್ ಕಟ್ಟಿಸಿದ್ದರು. ಎರಡಕ್ಕೂ ಆರ್ಕಿಟೆಕ್ಟ್‌ಗಳು ಸ್ವಿಟ್ಜರ್ಲೆಂಡಿನ ಹೆರ್ಜೋಗ್ ಮತ್ತು ದ ಮ್ಯೂರೋನ್. ಕೆಳಗಿನ ಗದ್ದಲವನ್ನೂ ಸೇರಿಸಿಯೇ ಮೇಲಿನ ಮನೆಗೆ ಬೆಲೆ ಕಟ್ಟುವುದು, ನನಗಂತೂ ಇದೇ ಶ್ರೇಗರ್ ಅವರ ನಿಜವಾದ ಕಸುಬು ಅನ್ನಿಸಿತು.

ಐದಕ್ಕೆ ನಾಲ್ಕು ಸ್ಟಾರ್. ಇಬ್ಬರೇ ಇದ್ದರೆ, ಒಂದು ರಾತ್ರಿಗೆ, ಹೋಗಿ. ಊರಿಂದ ಅಪ್ಪ ಅಮ್ಮ ನಾಲ್ಕು ಸೂಟ್‌ಕೇಸ್ ಸಮೇತ ಬಂದಿದ್ದರೆ ನ್ಯೂಜೆರ್ಸಿ ಕಡೆ ದೊಡ್ಡ ರೂಮು ನೋಡಿಕೊಳ್ಳಿ.