ಮಳೆಯ ಲೆಕ್ಕಕ್ಕೆ ಯಾವ ಲಿನಕ್ಸ್?

ಭೀಮಾಶಂಕರದ ಬಳಿ ಹುಟ್ಟಿ ರಾಯಚೂರು ಸೀಮೆಯಲ್ಲಿ ಕೃಷ್ಣೆಯನ್ನು ಸೇರುವ ಭೀಮಾ ನದಿಯ ಕಣಿವೆಯಲ್ಲಿ ಮಳೆ ಹೇಗೆ ಬದಲಾಗಿದೆ ಎಂಬುದನ್ನು ನಾನು ಪುಣೆಯ ಕೋಥರೂಡಿನ ಮನೆಯಲ್ಲಿ ಕುಳಿತು ಅಧ್ಯಯನ ಮಾಡುತ್ತಿದ್ದೇನೆ. ಭಾರತ ಹವಾಮಾನ ಇಲಾಖೆಯ ಪುಣೆ ಕಚೇರಿ ಒದಗಿಸುವ, 1901ರಿಂದ ಆರಂಭವಾಗುವ, 0.25 ಡಿಗ್ರಿ ಚೌಕಗಳ ದೈನಿಕ ಮಳೆಯ ದತ್ತಾಂಶವೇ ಅದಕ್ಕೆ ಆಧಾರ. ಹೊಸ ಡೆಸ್ಕ್‌ಟಾಪ್ ಕೊಂಡಾಗ ನನ್ನ ಕಡತಗಳಿರುವ ಹೋಮ್ ವಿಭಾಗವನ್ನು ಪ್ರತ್ಯೇಕವಾಗಿರಿಸಿ, ಉಬುಂಟು 24.04, ಫೆಡೋರಾ 40 ಮತ್ತು ಡೆಬಿಯನ್ 12 ಎಂಬ ಮೂರು ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಗಳನ್ನು ಒಂದಾದ ಮೇಲೊಂದರಂತೆ ಹಾಕಿ, ಪ್ರತಿಯೊಂದರಲ್ಲೂ ಒಂದು ತಿಂಗಳು ಇದೇ ಕೆಲಸ ಮಾಡಿದೆ.

ಮೊದಲ ದಿನದ ಅನುಕೂಲದಲ್ಲಿ ಉಬುಂಟುವೇ ಮುಂದು. ಇನ್‌ಸ್ಟಾಲ್ ಮಾಡುವಾಗಲೇ ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡಿನ ಡ್ರೈವರ್ ಆರಿಸಿಕೊಂಡೆ. ಅದು ವ್ಯವಸ್ಥೆಯ ತಿರುಳಾದ ಕರ್ನಲ್‌ಗೆ ಸೇರುವ, ಸಹಿ ಮಾಡಿದ ಮಾಡ್ಯೂಲಾಗಿ ಬರುವುದರಿಂದ ಸಹಿಯಿಲ್ಲದ ಮಾಡ್ಯೂಲುಗಳನ್ನು ತಡೆಯುವ ಸೆಕ್ಯೂರ್ ಬೂಟ್ ಅನ್ನು ನಿಷ್ಕ್ರಿಯಗೊಳಿಸಬೇಕಾಗಲಿಲ್ಲ. ಡೆಬಿಯನ್‌ನಲ್ಲಿ ತಂತ್ರಾಂಶ ಭಂಡಾರಗಳ ಪಟ್ಟಿಗೆ ಮುಕ್ತವಲ್ಲದ ತಂತ್ರಾಂಶಗಳಿರುವ ನಾನ್‌-ಫ್ರೀ ವಿಭಾಗವನ್ನು ಸೇರಿಸಿ, ಕರ್ನಲ್‌ಗೆ ತಕ್ಕಂತೆ ಮಾಡ್ಯೂಲ್ ಕಟ್ಟುವ ಡಿಕೆಎಂಎಸ್ ಮೂಲಕ ಡ್ರೈವರ್ ಕಟ್ಟಿಸಿ, ಅದಕ್ಕೆ ಸಹಿ ಹಾಕುವ ಕೀಲಿಯನ್ನು ಯಂತ್ರದಲ್ಲಿ ನೋಂದಾಯಿಸುವಷ್ಟರಲ್ಲಿ ಒಂದು ಸಂಜೆ ಕಳೆಯಿತು.

ನನ್ನ ಲೆಕ್ಕಾಚಾರದ ಭಾಷೆಯಾದ ಪೈಥಾನ್ ವಿಷಯದಲ್ಲಿ ನನ್ನ ಅಭಿಪ್ರಾಯವೇ ಬದಲಾಯಿತು. ಡೆಬಿಯನ್ 12 ಮತ್ತು ಉಬುಂಟು 24.04 ಎರಡೂ ವ್ಯವಸ್ಥೆಯ ಪೈಥಾನ್‌ಗೆ ಅದರ ಲೈಬ್ರರಿಗಳನ್ನು ಹಾಕುವ ಪಿಪ್ ಮೂಲಕ ನೇರವಾಗಿ ಏನನ್ನೂ ಹಾಕಲು ಬಿಡುವುದಿಲ್ಲ. ಮೊದಲು ಇದು ಕಿರಿಕಿರಿಯೆನಿಸಿದರೂ, ವ್ಯವಸ್ಥೆಯ ಸ್ವಂತ ಉಪಕರಣಗಳು ಅದೇ ಪೈಥಾನನ್ನು ನೆಚ್ಚಿಕೊಂಡಿರುವುದರಿಂದ ಈ ತಡೆ ಸರಿಯೆಂದೇ ಈಗ ನಂಬಿದ್ದೇನೆ. ಹೋಮ್‌ನಲ್ಲಿ ಪ್ರತ್ಯೇಕ ಪೈಥಾನ್ ಪರಿಸರಗಳನ್ನು ಕಟ್ಟುವ ಮಿನಿಫೋರ್ಜ್ ಹಾಕಿ, ಎಕ್ಸ್‌ಅರೇ, ಡಾಸ್ಕ್, ಕಾರ್ಟೋಪೈ ಲೈಬ್ರರಿಗಳನ್ನು ತನ್ನದೇ ಪೈಥಾನ್ ಇರುವ ಒಂದು ಪರಿಸರದಲ್ಲಿ ಕೂಡಿಸಿದೆ; ಬಳಕೆದಾರನ ಹೆಸರನ್ನು, ಹಾಗಾಗಿ ಹೋಮ್‌ನ ವಿಳಾಸವನ್ನೂ, ಬದಲಿಸದ ಕಾರಣ ಅದೇ ಪರಿಸರ ಮೂರರಲ್ಲೂ ಹಾಗೆಯೇ ನಡೆಯಿತು. ಡೆಬಿಯನ್‌ನಲ್ಲಿರುವುದು ಪೈಥಾನ್ 3.11, ಉಳಿದೆರಡರಲ್ಲಿ 3.12 ಎಂಬ ವ್ಯತ್ಯಾಸ ಆಮೇಲೆ ಗಣನೆಗೇ ಬರಲಿಲ್ಲ. ಹೊಸ ಲೈಬ್ರರಿಗಳಿಗಾಗಿ ಹೊಸ ಲಿನಕ್ಸ್ ಬೇಕೆಂಬ ನನ್ನ ಹಳೆಯ ವಾದ ಅಲ್ಲಿಗೆ ಬಿದ್ದುಹೋಯಿತು.

ಹೀಗಾಗಿ ಕೊನೆಗೆ ಉಳಿದದ್ದು ಕರ್ನಲ್ ಎಷ್ಟು ಸಲ ಬದಲಾಗುತ್ತದೆ ಎಂಬ ಪ್ರಶ್ನೆ. ಫೆಡೋರಾದಲ್ಲಿ ಹೊಸ ಕರ್ನಲ್ ಬಂದಾಗಲೆಲ್ಲ ಎನ್‌ವಿಡಿಯಾ ಮಾಡ್ಯೂಲನ್ನು ಮತ್ತೆ ಕಟ್ಟಬೇಕು. ಅದು ಮುಗಿಯುವ ಮೊದಲೇ ಒಮ್ಮೆ ಮರುಚಾಲನೆ ಮಾಡಿದ್ದರಿಂದ ಡ್ರೈವರ್ ಇಲ್ಲದ ಪರದೆ ಎದುರಾಯಿತು. ಹೊಸ ಯಂತ್ರಾಂಶಕ್ಕೆ ಫೆಡೋರಾ ಉತ್ತಮವೇ, ಆದರೆ ಒಂದು ಆವೃತ್ತಿಗೆ ಸುಮಾರು 13 ತಿಂಗಳ ಬೆಂಬಲವೆಂದರೆ ಒಂದು ಪ್ರಬಂಧ ಮುಗಿಯುವುದರೊಳಗೆ ಎರಡು ಮೂರು ಸಲ ಬುಡ ಬದಲಿಸಬೇಕಾಗುತ್ತದೆ. ಡೆಬಿಯನ್ 12 ತನ್ನ 6.1 ಸರಣಿಯ ಕರ್ನಲ್ಲನ್ನೇ ಉಳಿಸಿಕೊಂಡು ಭದ್ರತೆಯ ಮತ್ತು ದೋಷಗಳ ತಿದ್ದುಪಡಿಗಳನ್ನು ಮಾತ್ರ ಕೊಡುತ್ತದೆ. ರಾತ್ರಿಯಿಡೀ ನಡೆಯುವ ಲೆಕ್ಕಾಚಾರಕ್ಕೆ ನನಗೆ ಬೇಕಾದ ನೆಮ್ಮದಿ ಅದರಲ್ಲಿ ಸಿಕ್ಕಿತು. ಧಾರವಾಡದಿಂದ ಇಲ್ಲಿಗೆ ಬಂದ ಕಿರಿಯ ಸಂಶೋಧಕಿಯೊಬ್ಬರು ಸಲಹೆ ಕೇಳಿದಾಗ ಮಾತ್ರ, ಅಂದೇ ಕೆಲಸ ಶುರುವಾಗಬೇಕಿದ್ದುದರಿಂದ ಉಬುಂಟು ಹಾಕಿಸಿ, ನನ್ನ ಪರಿಸರದ ಪಟ್ಟಿಯ ಕಡತವನ್ನು ಅವರಿಗೆ ಕೊಟ್ಟೆ.