ಬೆಂಗಳೂರು ಟು ಸ್ಯಾನ್ ಫ್ರಾನ್ಸಿಸ್ಕೊ: ನಾನ್‌ಸ್ಟಾಪ್ಪಾ, ದುಬೈನಾ, ಫ್ರಾಂಕ್‌ಫರ್ಟಾ?

ಮೂರು ದಾರೀಲೂ ಹೋಗಿ ಬಂದಿದೀನಿ, ಅದಕ್ಕೇ ಹೇಳ್ತಿದೀನಿ, ಟಿಕೆಟ್ ಬುಕ್ ಮಾಡೋವಾಗ ಬರೀ ಒಟ್ಟು ಎಷ್ಟು ಗಂಟೆ ಅಂತ ನೋಡ್ಬೇಡಿ, ಆ ಗಂಟೆಗಳು ಎಲ್ಲಿ ಮುರಿಯುತ್ತೆ ಅಂತ ನೋಡಿ.

ನೇರ ದೂರ ಸುಮಾರು 14,000 ಕಿಮೀ. 2023ರ ಬೇಸಿಗೇಲಿ ನಾನ್‌ಸ್ಟಾಪ್‌ನಲ್ಲಿ ಹೋದೆ. ಮಧ್ಯಾಹ್ನ ಎರಡೂವರೆ ಹೊತ್ತಿಗೆ ದೇವನಹಳ್ಳಿ ಬಿಟ್ಟು ಹದಿನಾರು ಗಂಟೆ ಹಾರಿ ಇಳಿದ್ರೆ ಅಲ್ಲಿ ಅದೇ ದಿನದ ಸಂಜೆ ಆರು, ಯಾಕಂದ್ರೆ ಬೇಸಿಗೇಲಿ ಅವರು ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹದಿಮೂರೂವರೆ. ಹೋಗೋವಾಗ ಗಾಳಿ ಹಿಂದಿನಿಂದ ತಳ್ಳುತ್ತೆ. ಬರೋವಾಗ ಆ ಲಾಭ ಇಲ್ಲ, ಹದಿನೇಳು ದಾಟುತ್ತೆ. 2021ರ ಜನವರೀಲಿ ಬರೀ ಮಹಿಳಾ ಪೈಲಟ್‌ಗಳೇ ಉತ್ತರ ಧ್ರುವದ ಮೇಲೆ ಹಾರಿಸ್ಕೊಂಡು ಬಂದಿದ್ದು ಇದೇ ರೂಟು, ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ. ಹತ್ತನೇ ಗಂಟೆ ಆದ್ಮೇಲೆ ಮಾತ್ರ ಟೈಮ್ ನಿಂತೇ ಹೋಗುತ್ತೆ ಕಣ್ರೀ, ಊಟ ಆಯ್ತು, ಎರಡು ಸಿನಿಮಾ ಆಯ್ತು, ಟಾಯ್ಲೆಟ್ ಹತ್ರ ನಾಲ್ಕು ಜನ ಅಂಕಲ್‌ಗಳು ಸುಮ್ನೆ ಕಾಲು ಆಡಿಸ್ಕೊಂಡು ನಿಂತಿರ್ತಾರೆ, ನಾನೂ ಹೋಗಿ ಐದನೆಯವನಾಗಿ ನಿಂತ್ಕೊಂಡೆ. ಇಳಿಯೋವಾಗ ಶೂ ಹಾಕ್ಕೊಳಕ್ಕೇ ಆಗ್ಲಿಲ್ಲ, ಪಾದ ಇಡ್ಲಿ ಥರ ಉಬ್ಬಿತ್ತು.

ದುಬೈ ಮೇಲೆ ಹೋದ್ರೆ ನಾಲ್ಕು ಗಂಟೆ, ಆಮೇಲೆ ಹದಿನಾರು. ನನ್ನ ಪ್ರಕಾರ ಇದೇ ಕೆಟ್ಟ ಲೆಕ್ಕ. ಬೆಳಗಿನ ಜಾವದ ವಿಮಾನ, ಕಣ್ಣು ಅಂಟೋ ಹೊತ್ತಿಗೆ ಇಳಿಸ್ತಾರೆ, ತೂಕಡಿಸ್ಕೊಂಡು ಸೆಕ್ಯುರಿಟಿ ದಾಟಿ ಕೂತ್ರೆ ನಿಜವಾದ ಪ್ರಯಾಣ ಆಗ ಶುರು. ಪಶ್ಚಿಮಕ್ಕೆ ಹೋಗ್ತೀವಿ ಅಂದ್ಕೊಂಡಿದ್ದೆ, ಮುಂದಿನ ಸ್ಕ್ರೀನ್ ಮ್ಯಾಪ್‌ನಲ್ಲಿ ನೋಡಿದ್ರೆ ವಿಮಾನ ಇರಾನ್, ರಷ್ಯಾ ಅಂತ ಸೀದಾ ಉತ್ತರಕ್ಕೇ ಹತ್ತುತಿತ್ತು!

ಫ್ರಾಂಕ್‌ಫರ್ಟ್ ಕಡೆಯಿಂದ ದೂರ ಜಾಸ್ತಿ, ಎರಡೂ ಸೇರಿ ಹದಿನಾರೂವರೆ ಸಾವಿರ ಕಿಮೀ ಹತ್ರ. ಆದ್ರೆ ಹತ್ತು ಗಂಟೆ, ಮಧ್ಯೆ ಮೂರು ಗಂಟೆ ಓಡಾಟ, ಮತ್ತೆ ಹನ್ನೊಂದೂವರೆ. ಎರಡು ಪಾಲು ಹೆಚ್ಚುಕಮ್ಮಿ ಸಮ, ಮಧ್ಯೆ ಮುಖ ತೊಳ್ದು ಕಾಫಿ ಕುಡಿದ್ರೆ ಮನುಷ್ಯ ಆಗ್ತೀವಿ. (ಕಾಫಿ ಬಗ್ಗೆ ಏನೂ ಕೇಳ್ಬೇಡಿ.) ಮೊದಲನೇ ಸಲ ದುರಾಸೆಗೆ ಬಿದ್ದು ಒಂದೂವರೆ ಗಂಟೆ ಕನೆಕ್ಷನ್ ತಗೊಂಡಿದ್ದೆ, ತಪ್ಪು ನಂದೇ, ನಾನೇನೋ ಓಡಿ ಹತ್ತಿದೆ, ಸೂಟ್‌ಕೇಸ್ ಹತ್ಲಿಲ್ಲ. ಎರಡು ದಿನ ಆದ್ಮೇಲೆ ಬಂತು, ಚಟ್ನಿಪುಡಿ ಸಮೇತ.

ನನಗೆ ಕೇಳಿದ್ರೆ ಫ್ರಾಂಕ್‌ಫರ್ಟು. ಅಮ್ಮನ್ನ ಒಬ್ಬರೇ ಕಳಿಸೋದಾದ್ರೆ ಮಾತ್ರ, ಆ ಹೊತ್ತಿಗೆ ನಾನ್‌ಸ್ಟಾಪ್ ಇದ್ರೆ, ಎಷ್ಟೇ ದುಡ್ಡಾದ್ರೂ ಅದನ್ನೇ ಹುಡುಕ್ತೀನಿ, ಕಾಲು ಊದಿದ್ರೆ ಎಣ್ಣೆ ತಿಕ್ಕಬಹುದು, ಗೇಟ್ ಸಿಗದೆ ಗೊತ್ತಿಲ್ಲದ ಊರಲ್ಲಿ ಅವರು ನಿಂತಿದ್ರೆ ನಾನಿಲ್ಲಿ ಕೂತು ಏನ್ ಮಾಡ್ಲಿ?