ಮಿಡಿ ಉಪ್ಪಿನಕಾಯಿಯ ಹೊಸ ವೆಬ್‌ಸೈಟ್

ಶಿರಸಿ ಕಡೆಯ ಒಂದು ಮನೆಯವರು ಹಾಕುವ ಅಪ್ಪೆಮಿಡಿ (ಘಮದ ಎಳೆ ಮಾವಿನಕಾಯಿ) ಉಪ್ಪಿನಕಾಯಿಗೆ ನಾನು ಖಾಯಂ ಗಿರಾಕಿ. ಈ ಸಲ ಅವರ ಹೊಸ ವೆಬ್‌ಸೈಟ್‌ನಿಂದ ತರಿಸಿದೆ. ಫೋಟೊಗಳು ಚೆಂದ. ಆದರೆ ಒಂದೊಂದೂ 5 ಎಂಬಿ! ಪುಟ ತೆರೆಯುವಷ್ಟರಲ್ಲಿ ಅಮ್ಮ ಬೇಜಾರಾಗಿ ಫೋನ್ ಕೆಳಗಿಟ್ಟರು. 200 ಕೆಬಿಗೆ ಇಳಿಸಿದರೂ ಮೊಬೈಲಿನಲ್ಲಿ ಚೆನ್ನಾಗೇ ಕಾಣುತ್ತದೆ.

ಬೆಲೆ, ತೂಕ ಎಲ್ಲವೂ ಕನ್ನಡದಲ್ಲಿದೆ. ತುಂಬಾ ಖುಷಿಯಾಯಿತು. ಆದರೆ ಅದನ್ನೆಲ್ಲ ಚಿತ್ರದೊಳಗೆ ಬರೆದುಬಿಟ್ಟಿದ್ದಾರೆ. ಹೀಗಾದರೆ ಗೂಗಲ್‌ನಲ್ಲಿ ಹುಡುಕುವವರಿಗೆ ಸಿಗುವುದು ಕಷ್ಟ. ಕಣ್ಣು ಕಾಣದವರಿಗೆ ಫೋನ್ ಓದಿ ಹೇಳುವುದೂ ಕಷ್ಟ. ಯೂನಿಕೋಡ್‌ನಲ್ಲಿ (ಫೋನು, ಕಂಪ್ಯೂಟರು ಗುರುತಿಸುವ ಅಕ್ಷರಗಳಲ್ಲಿ) ಟೈಪ್ ಮಾಡಿದರೆ ಸಾಕು, ಅಲ್ವಾ? ಫೋನ್ ನಂಬರೂ ಚಿತ್ರದಲ್ಲೇ ಇದೆ. ಮುಟ್ಟಿದರೆ ಕರೆ ಹೋಗುವಂತೆ ಮಾಡಿ.

ಪ್ಯಾಕಿಂಗ್ ಮಾತ್ರ ಗಟ್ಟಿ. ಒಂದು ಹನಿ ರಸವೂ ಸೋರಿರಲಿಲ್ಲ. ನಾನು ತರಿಸಿದ್ದು ಜೀರಿಗೆ ಪರಿಮಳದ ಅಪ್ಪೆಮಿಡಿ; ಆ ಜೀರಿಗೆ ಮಿಡಿಯ ಘಮ ಹಾಗೇ ಇದೆ. ಮುಂದಿನ ಸಲವೂ ಇವರ ಹತ್ತಿರವೇ ತರಿಸುತ್ತೇನೆ.